ಹೆರಾಲ್ಡ್ ಕಾಣೆಯಾದ ಮಂಗಳವಾರ

ಮಂಗಳವಾರ ಸಂಜೆ ಊಟಕ್ಕೆ ಮುಂಚೆ ವಿನಿಫ್ರೆಡ್ ಗಾರ್ಸೈಡ್ ತಮ್ಮ ಗಂಡನನ್ನು ಕಳೆದುಕೊಂಡರು. ಇದು ಎರಡನೇ ಸಲ.

ಮೊದಲನೇ ಸಲ ಕಳೆದದ್ದು ಜನವರಿಯಲ್ಲಿ, ಆಸ್ಪತ್ರೆಯಲ್ಲಿ. ಈ ಸಲ ಹಡಗಿನ ನಾಲ್ಕನೇ ಅಂತಸ್ತಿನ ಕ್ಯಾಬಿನ್ನಿನಲ್ಲಿ. ಹೆರಾಲ್ಡನ ಬೂದಿಯಿದ್ದ ಹಸಿರು ರಟ್ಟಿನ ಕೊಳವೆ ಮೇಜಿನ ಮೇಲಿಂದ ಮಾಯವಾಗಿತ್ತು. ಅರ್ಧ ಗಂಟೆಯಲ್ಲಿ ಕೊಳವೆಯೇನೋ ಸಿಕ್ಕಿತು, ಕೋಣೆಗಳನ್ನು ಗುಡಿಸಿ ಹಾಸಿಗೆ ಸರಿಮಾಡುವ ರೊಡೆಲ್‌ನ ತಳ್ಳುಗಾಡಿಯ ಕಸದ ಚೀಲದಲ್ಲಿ. ಮುಚ್ಚಳ ಬಿಗಿಯಾಗಿ ಹಾಕಿತ್ತು. ಒಳಗಿನ ಪ್ಲಾಸ್ಟಿಕ್ ಚೀಲವೂ ಇಲ್ಲ, ಅದರೊಳಗಿನ ಹೆರಾಲ್ಡನೂ ಇಲ್ಲ.

ಗಲಾಟೆ ಕೇಳಿ ಎದುರಿನ ಕ್ಯಾಬಿನ್ನಿಂದ ಗ್ಲೆನಿಸ್ ಥ್ಯಾಕ್ರೆ ಹೊರಗೆ ಬಂದಳು. ಅವಳ ಹಿಂದೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಡೋರೀನ್ ಆಪಲ್‌ಯಾರ್ಡ್. ಯಾರ್ಕ್‌ಷೈರಿನ ಹಲ್ ಊರಿನ ಈ ಗೆಳತಿಯರು ನಾರ್ವೆಗೆ ಹೊರಟಿದ್ದು ನೋಡಬೇಕೆಂಬ ಆಸೆಯಿಂದಲ್ಲ, ಮಲಗಬೇಕೆಂಬ ಆಸೆಯಿಂದ. ಗ್ಲೆನಿಸ್ ಆರು ವರ್ಷ ಹಾಸಿಗೆ ಹಿಡಿದ ತಾಯಿಯ ಮಗ್ಗುಲು ಬದಲಿಸಿ ಬದಲಿಸಿ ಸೋತಿದ್ದಳು; ಚಳಿಗಾಲದಲ್ಲಿ ಮುದುಕಿ ಹೋದಳು. ಶವಸಂಸ್ಕಾರದವರು ಬರೆದ ಕಾಗದ ಐದು ತಿಂಗಳಿಂದ ಗ್ಲೆನಿಸಳ ಕೈಚೀಲದಲ್ಲೇ ಮಡಚಿ ಕೂತಿತ್ತು. "ಕಿಟಕಿ ಇಲ್ಲದ ರೂಮೇ ಅಗ್ಗ ಕಣೇ," ಎಂದು ಡೋರೀನ್ ಟಿಕೆಟ್ ತೆಗೆದಿದ್ದಳು. "ಕಣ್ಣು ಮುಚ್ಚಿಕೊಳ್ಳೋರಿಗೆ ಕಿಟಕಿ ಯಾಕೆ?"

ಹಡಗಿನ ಹೋಟೆಲ್ ಅಧಿಕಾರಿ ಪೆಟ್ರೆಸ್ಕು ಕೂಡ ದಣಿದ ಮನುಷ್ಯನೇ. ಆತ ಅಲ್ಲೇ ಕ್ಯಾಬಿನ್ನುಗಳ ನಡುವಿನ ಓಣಿಯಲ್ಲಿ ತೀರ್ಪು ಕೊಟ್ಟುಬಿಟ್ಟ. ರೊಡೆಲ್ ಏನೋ ಧೂಳು ಅಂದುಕೊಂಡು ಬೂದಿಯನ್ನು ಎಲ್ಲೋ ಸುರಿದು ಕೊಳವೆಯನ್ನು ಕಸಕ್ಕೆ ಹಾಕಿದ್ದಾನೆ. ಶುಕ್ರವಾರ ಬರ್ಗನ್ ಬಂದರಿನಲ್ಲಿ ಅವನನ್ನು ಇಳಿಸಿ ಅವನ ಊರು ಮನಿಲಾಕ್ಕೆ ಕಳಿಸುವುದು.

ನಲವತ್ತೈದರ ರೊಡೆಲ್ ಗೋಡೆಗೆ ಒರಗಿ ನಿಂತಿದ್ದ. "ನಾನು ಮುಟ್ಟಿಲ್ಲ ಮೇಡಂ. ಅದರೊಳಗೆ ಸಾಹೇಬ್ರಿದ್ದಾರೆ ಅಂತ ಮೊದಲ ದಿನಾನೇ ವಿನಿಫ್ರೆಡ್ ಅಮ್ಮಾವ್ರು ಹೇಳಿದ್ರು. ದಿನಾ ಅವರಿಗೆ ಗುಡ್ ಮಾರ್ನಿಂಗ್ ಹೇಳಿಯೇ ಹಾಸಿಗೆ ಮುಟ್ತಿದ್ದೆ. ಒಂಬತ್ತು ವರ್ಷ ಹಡಗಲ್ಲಿದ್ದೀನಿ. ಹೀಗೆ ಇಳಿಸಿದ್ರೆ ಇನ್ಯಾವ ಹಡಗೂ ನನ್ನ ಹತ್ತಿಸಲ್ಲ."

"ಗುರುವಾರ ಬೆಳಿಗ್ಗೆ ಅವರನ್ನ ಬೆಟ್ಟಗಳ ನಡುವಿನ ಆ ಫಿಯೋರ್ಡ್ ನೀರಿಗೆ ಬಿಡಬೇಕಿತ್ತು," ಎಂದು ವಿನಿಫ್ರೆಡ್ ಖಾಲಿ ಕೊಳವೆಯನ್ನು ಎದೆಗೆ ಒತ್ತಿಕೊಂಡು ಹೇಳಿದರು. "ನಾರ್ವೆಯವರ ಒಪ್ಪಿಗೆ ಪತ್ರಾನೂ ಬಂದಿತ್ತು. ಬರೋಣ ಬರೋಣ ಅಂತ ನಲವತ್ತು ವರ್ಷ ಹೇಳಿಕೊಂಡೇ ಕಳೆದ್ವಿ."

"ನೀರು ಕಂಡ್ರೆ ಆಗ್ತಿರಲಿಲ್ಲ ಅವನಿಗೆ," ಎಂದು ಪಕ್ಕದ ಕ್ಯಾಬಿನ್ನಿನ ಡೆಸ್ಮಂಡ್ ಓಲ್ಡ್‌ರಾಯ್ಡ್ ಗೊಣಗಿದ. ಅವನು ಹೆರಾಲ್ಡನ ಹಳೇ ಗೆಳೆಯ. "ಸ್ನಾನದ ತೊಟ್ಟೀಲೂ ತಲೆ ಸುತ್ತೋ ಗಂಡಸು. ನಾವಿಬ್ರೂ ಆಡ್ತಿದ್ದ ಕ್ಲಬ್ಬಿನ ಹುಲ್ಲಿನ ಕೆಳಗೆ ಇರಬೇಕಾದೋನು. ಹಡಗು ಹತ್ತಿದ ಶನಿವಾರದಿಂದ ಹೇಳ್ತಿದ್ದೀನಿ, ಯಾರು ಕೇಳ್ತಾರೆ!"

ಹೆರಾಲ್ಡನ ತಂಗಿ ಮ್ಯೂರಿಯಲ್, ಮದುವೆಯಾಗದೆ ಅಣ್ಣನ ಬೀದಿಯಲ್ಲೇ ಮುದುಕಿಯಾದವಳು, ವಿನಿಫ್ರೆಡ್ಡರ ಜೊತೆ ಒಂದೇ ಕ್ಯಾಬಿನ್ನಿನಲ್ಲಿದ್ದಳು. ರೊಡೆಲ್‌ನನ್ನು ಎಲ್ಲರೂ ನೋಡುತ್ತಿದ್ದರು, ಅವಳು ರತ್ನಗಂಬಳಿಯನ್ನು ನೋಡುತ್ತಿದ್ದಳು.

ಡೋರೀನ್ ಕೊಳವೆಯನ್ನು ತೆಗೆದುಕೊಂಡು ಮುಚ್ಚಳ ಬಿಚ್ಚಿದಳು, ಮತ್ತೆ ಹಾಕಿದಳು. ಕಸದ ಚೀಲದೊಳಗೆ ಕೈಯಾಡಿಸಿದಳು. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಹಾಸಿಗೆ ಬಟ್ಟೆ ನೋಡಿ ರೋಗಿ ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಹೇಳುತ್ತಿದ್ದಳು. ಅವರ ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಬಡಿಯುತ್ತಿದ್ದದ್ದು ಅವಳ ಬಾಗಿಲನ್ನೇ.

"ಈ ರೂಮಿನ ಬಾಗಿಲು ಯಾವಾಗಲೂ ತೆರೆದೇ ಇರುತ್ತೆ, ಅಲ್ವಾ ವಿನಿ?"

"ಗಾಳಿ ಬರಲಿ ಅಂತ ಚಪ್ಪಲಿ ಸಿಕ್ಕಿಸಿಡ್ತೀವಿ."

"ಹಾಗಾದ್ರೆ ಯಾರು ಬೇಕಾದ್ರೂ ಬರಬಹುದಿತ್ತು. ಪೆಟ್ರೆಸ್ಕು ಸಾಹೇಬ್ರೇ, ನನಗೆ ನಾಳೆ ಸಂಜೆವರೆಗೆ ಟೈಮ್ ಕೊಡಿ."

ಕೋಣೆಗೆ ಬಂದು ಹಾಸಿಗೆಯ ಮೇಲೆ ಬಿದ್ದ ಗ್ಲೆನಿಸ್ ಹೇಳಿದಳು, "ರಜಾಕ್ಕೆ ಬಂದಿದ್ದೀವಿ ಮಾರಾಯ್ತಿ. ಒಂದು ವಾರ ಊರಿನೋರ ಗೋಳು ಬಿಟ್ಟಿರೋಕಾಗಲ್ವಾ ನಿನಗೆ?"

"ಗೋಳು ಹಡಗು ಹತ್ತಿ ಬಂದ್ರೆ ನಾನೇನು ಮಾಡ್ಲಿ? ನನ್ನ ಮಂಡಿಗೆ ಎಣ್ಣೆ ಹಚ್ಚು, ಬಾ."

ಬುಧವಾರ ಹಡಗು ಇಡೀ ದಿನ ಸಮುದ್ರದಲ್ಲೇ ಇತ್ತು. ಅವರೆಲ್ಲ ಊಟಕ್ಕೆ ಕೂರುತ್ತಿದ್ದದ್ದು ಒಂದೇ ಮೇಜಿನಲ್ಲಿ. ಮೊದಲ ದಿನ ಅಲ್ಲಿ ನಗುವಿತ್ತು. ಮ್ಯೂರಿಯಲ್ ಕೈಚೀಲದಿಂದ ಸ್ವಂತ ಟೀ ಬ್ಯಾಗ್ ತೆಗೆದು, ಹಡಗಿನ ದಾರ ಕಟ್ಟಿದ ಟೀ ಬ್ಯಾಗನ್ನು ಬೆರಳ ತುದಿಯಿಂದ ಆಚೆ ತಳ್ಳಿದ್ದಳು. "ಇದು ಟೀ ಅಲ್ಲ, ಪಾತ್ರೆ ತೊಳೆದ ನೀರು. ನಾನು ಮನೆಯಿಂದ ಇನ್ನೂರ ನಲವತ್ತು ತಂದಿದ್ದೀನಿ." "ಒಂದು ವಾರಕ್ಕಾ?" ಎಂದು ಡೆಸ್ಮಂಡ್ ಕೇಳಿದ್ದ. "ಹಡಗು ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ?" ಎಂದಿದ್ದಳು ಅವಳು. ಮಂಚದ ಮೇಲಿನ ಶೆಲ್ಫಿನಲ್ಲಿದ್ದ ಕ್ರಿಸ್ಮಸ್ಸಿನ ದೊಡ್ಡ ಬಿಸ್ಕತ್ತಿನ ಡಬ್ಬದ ತುಂಬಾ ಟೀ ಬ್ಯಾಗುಗಳೇ ಇದ್ದವಂತೆ.

ಈ ಬೆಳಿಗ್ಗೆ ಮೇಜಿನಲ್ಲಿ ನಗುವಿರಲಿಲ್ಲ. ಮ್ಯೂರಿಯಲ್ ಹಡಗಿನ ಟೀಯನ್ನೇ ಕುಡಿದಳು, ಅರ್ಧ ಬಿಟ್ಟಳು. ಹನ್ನೊಂದು ಗಂಟೆಗೂ ಅರ್ಧ ಬಿಟ್ಟಳು. ದುಃಖದಲ್ಲಿದ್ದಾಳೆ ಪಾಪ ಎಂದುಕೊಂಡಳು ಗ್ಲೆನಿಸ್.

ಮಧ್ಯಾಹ್ನ ಇಬ್ಬರೂ ನಾಲ್ಕನೇ ಅಂತಸ್ತಿನ ಕೊನೆಯಲ್ಲಿದ್ದ ಬಟ್ಟೆ ಒಗೆಯುವ ಕೋಣೆಗೆ ಹೋದರು. ಅಲ್ಲಿ ಯಂತ್ರಗಳು ನಾಲ್ಕು, ಕಾಯುವ ಹೆಂಗಸರು ಹನ್ನೊಂದು. ಗೋಡೆಯ ಹಲಗೆಯ ಮೇಲೆ, ಜನ ತಮಗೆ ಮಿಕ್ಕ ಸೋಪಿನ ಪುಡಿಯನ್ನು ಮುಂದಿನವರಿಗೆಂದು ಬಿಟ್ಟುಹೋಗುವ ಜಾಗದಲ್ಲಿ, ಒಂದು ಬಟ್ಟೆಚೀಲವಿತ್ತು. ತುಂಬಾ ಟೀ ಬ್ಯಾಗುಗಳು, ದಾರವಿಲ್ಲದವು. ಚೀಲಕ್ಕೆ ಚೀಟಿ ಅಂಟಿಸಿತ್ತು: ಬೇಕಾದವರು ತಗೊಳ್ಳಿ.

ಡೋರೀನ್ ಒಂದನ್ನು ಮೂಸಿ ನೋಡಿದಳು. "ಇದು ಯಾವಾಗಿಂದ ಇದೆ?"

"ನಿನ್ನೆ ಸಂಜೆಯಿಂದ. ನಾನೂ ಹತ್ತು ತಗೊಂಡೆ," ಎಂದಳು ಒಬ್ಬಳು. "ಯಾರೋ ಪುಣ್ಯಾತ್ಮರು."

"ಪುಣ್ಯಾತ್ಮರೇ," ಎಂದ ಡೋರೀನ್ ಆರು ಟೀ ಬ್ಯಾಗುಗಳನ್ನು ಜೇಬಿಗೆ ಹಾಕಿಕೊಂಡಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ. "ಗ್ಲೆನಿಸ್, ನಾಲ್ಕು ಗಂಟೆಗೆ ಎಲ್ಲರನ್ನೂ ನಮ್ಮ ರೂಮಿಗೆ ಟೀಗೆ ಕರಿ. ರೊಡೆಲ್‌ನನ್ನೂ."

ಕಿಟಕಿಯಿಲ್ಲದ ಆ ಗೂಡಿನಲ್ಲಿ ಏಳು ಜನ ಹೇಗೋ ಹಿಡಿದರು. ಎರಡು ಮಂಚದ ಮೇಲೆ ಐವರು, ಬಾಗಿಲಿಗೆ ಒರಗಿ ಪೆಟ್ರೆಸ್ಕು, ಅವನ ಪಕ್ಕ ರೊಡೆಲ್. ಡೋರೀನ್ ಕೆಟಲಿನಲ್ಲಿ ನೀರು ಚೆನ್ನಾಗಿ ಕುದಿಸಿ ಆರು ಕಪ್ ಟೀ ಮಾಡಿ ಅವರಿಗೆಲ್ಲ ಕೊಟ್ಟಳು. ತನಗೆ ನೀರೇ ಸಾಕೆಂದಳು. ಮ್ಯೂರಿಯಲ್ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು, ಆಮೇಲೆ ಕಪ್ ಕೆಳಗಿಡದೆ ತಳದವರೆಗೂ ಕುಡಿದಳು.

"ಮೊದಲು ಆ ಕೊಳವೆ ವಿಷಯ," ಎಂದು ಡೋರೀನ್ ಮಂಡಿ ನೀವಿಕೊಳ್ಳುತ್ತಾ ಶುರುಮಾಡಿದಳು. "ಗೊತ್ತಿಲ್ಲದೆ ಕಸಕ್ಕೆ ಹಾಕೋನು ತುಂಬಿದ್ದನ್ನ ತುಂಬಿದ ಹಾಗೇ ಹಾಕ್ತಾನೆ. ಒಳಗಿನ ಚೀಲ ಜೋಪಾನವಾಗಿ ತೆಗೆದು, ಮತ್ತೆ ಮುಚ್ಚಳ ಬಿಗಿದು ಹಾಕಲ್ಲ. ಕಸದಲ್ಲಿ ಬೂದಿಯ ಒಂದು ಕಣಾನೂ ಇರಲಿಲ್ಲ. ಅಂದ್ರೆ ಯಾರಿಗೋ ಹೆರಾಲ್ಡ್ ಬೇಕಾಗಿದ್ದ, ಕೊಳವೆ ಬೇಡವಾಗಿತ್ತು. ರೊಡೆಲ್‌ಗೆ ಹೆರಾಲ್ಡ್ ಯಾಕೆ ಬೇಕು?"

ಎಲ್ಲರೂ ಡೆಸ್ಮಂಡ್ ಕಡೆ ತಿರುಗಿದರು.

"ನಾನಲ್ಲ!" ಎಂದ ಅವನು. "ಬಾಯಲ್ಲಿ ಹೇಳಿದ್ದು ನಿಜ, ಆದ್ರೆ..."

"ನೀನಲ್ಲ, ಕೂತ್ಕೋ. ನಿನಗೆ ಬೇರೆ ರೂಮಿದೆ, ಬೀಗ ಇರೋ ಪೆಟ್ಟಿಗೆ ಇದೆ. ನೀನಾಗಿದ್ರೆ ಕೊಳವೆ ಸಮೇತ ಹೊತ್ತುಕೊಂಡು ಹೋಗ್ತಿದ್ದೆ. ಆ ಹಸಿರು ಕೊಳವೆ ಕಣ್ಣಿಗೆ ಬೀಳಬಾರದು ಅನ್ನೋ ಹೆದರಿಕೆ ಇರೋದು ಯಾರಿಗೆ? ವಿನಿಯ ಕಣ್ಣೆದುರೇ, ಅದೇ ರೂಮಿನಲ್ಲೇ ಬಚ್ಚಿಡಬೇಕಾದವರಿಗೆ. ಬಚ್ಚಿಡೋಕೆ ಒಂದು ಡಬ್ಬ ಬೇಕು, ಡಬ್ಬ ಖಾಲಿ ಮಾಡಬೇಕು. ಆದ್ರೆ ನಮ್ಮ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಯಾವ ಹೆಂಗಸಿಗೆ ಒಳ್ಳೇ ಟೀಯನ್ನ ಕಸಕ್ಕೆ ಹಾಕೋಕೆ ಕೈ ಬರುತ್ತೆ? ಅದಕ್ಕೇ ಅದು ಲಾಂಡ್ರಿ ಹಲಗೆ ಮೇಲೆ ಬಂತು. ಈಗ ನೀವು ಕುಡಿದದ್ದು ಅದೇ. ಇವತ್ತು ಎರಡು ಸಲ ಹಡಗಿನ ಟೀ ಅರ್ಧಕ್ಕೆ ಬಿಟ್ಟಿರಿ, ಮ್ಯೂರಿಯಲ್. ಇದನ್ನ ಪೂರ್ತಿ ಕುಡಿದ್ರಿ."

ವಿನಿಫ್ರೆಡ್ ನಾದಿನಿಯ ಕಡೆ ನಿಧಾನವಾಗಿ ತಿರುಗಿದರು.

"ನಿನ್ನೆ ರಾತ್ರಿ ನೀವು ಅತ್ತು ಅತ್ತು ಮಲಗಿದಾಗ್ಲೂ, ವಿನಿ," ಎಂದಳು ಡೋರೀನ್ ಮೆತ್ತಗೆ, "ಹೆರಾಲ್ಡ್ ನಿಮ್ಮ ತಲೆ ಮೇಲಿನ ಶೆಲ್ಫಿನಲ್ಲೇ, ಆ ಬಿಸ್ಕತ್ತಿನ ಡಬ್ಬದೊಳಗೆ ಇದ್ದ."

ಮ್ಯೂರಿಯಲ್ ಖಾಲಿ ಕಪ್ಪನ್ನೇ ನೋಡುತ್ತಾ ಮಾತಾಡಿದಳು. "ಕೊಳವೆ ಓಣಿಯಲ್ಲಿದ್ದ ಕಸದ ಚೀಲಕ್ಕೆ ಹಾಕಿದೆ. ಅದು ಇವನ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ. ಹೊಳೆದ ಮೇಲೆ ಬಾಯಿ ಬರಲಿಲ್ಲ." ಅವಳು ಮೂಗು ಒರೆಸಿಕೊಂಡಳು. "ಭಾನುವಾರ ಭಾನುವಾರ ಬಸ್ಸು ಹಿಡಿದು ಅಮ್ಮನ ಸಮಾಧಿಗೆ ಹೋಗ್ತೀನಿ. ಅಲ್ಲೇ ಅಣ್ಣಾನೂ ಇರ್ತಾನೆ, ಇಬ್ಬರ ಹತ್ರಾನೂ ಮಾತಾಡಬಹುದು ಅಂದುಕೊಂಡಿದ್ದೆ. ಇಲ್ಲಿಗೆ ಯಾವ ಬಸ್ಸು ಬರುತ್ತೆ ವಿನಿ?"

"ಒಂದು ಮಾತು ಹೇಳಬಾರದಿತ್ತೇನೇ?"

"ನೀನು ಕೇಳಬಾರದಿತ್ತಾ?"

"ಅದು ನಿಮ್ಮಿಬ್ಬರ ಮಾತು, ಆಮೇಲೆ ಆಡಿಕೊಳ್ಳಿ," ಎಂದಳು ಡೋರೀನ್. "ಮೊದಲು ರೊಡೆಲ್‌ನದ್ದು."

ಮ್ಯೂರಿಯಲ್ ಕಷ್ಟಪಟ್ಟು ಎದ್ದು ರೊಡೆಲ್‌ನ ಎದುರು ನಿಂತು, ಪೆಟ್ರೆಸ್ಕುಗೂ ಕೇಳುವಂತೆ ಕ್ಷಮೆ ಕೇಳಿದಳು. ಪೆಟ್ರೆಸ್ಕು ಜೇಬಿನಲ್ಲಿದ್ದ, ರೊಡೆಲ್‌ನನ್ನು ಇಳಿಸುವ ಆದೇಶದ ಕಾಗದವನ್ನು ತೆಗೆದು ಎರಡಾಗಿ ಹರಿದ. ರೊಡೆಲ್ ತಲೆಯಾಡಿಸಿದ. "ಹಾಗಾದ್ರೆ ಇವತ್ತು ಬೆಳಿಗ್ಗೆ ಸಾಹೇಬ್ರಿಗೆ ಗುಡ್ ಮಾರ್ನಿಂಗ್ ಹೇಳೋದು ಬಿಟ್ಟುಹೋಯ್ತು," ಎಂದ.

ಗುರುವಾರ ಬೆಳಿಗ್ಗೆ ಹಡಗು ಎರಡು ಬೆಟ್ಟಗಳ ನಡುವೆ ಉಸಿರು ಹಿಡಿದಂತೆ ನಿಂತಿತು. ವಿನಿಫ್ರೆಡ್ ಡಬ್ಬದೊಳಗಿನ ಚೀಲದಿಂದ ಒಂದು ಟೀ ಕಪ್ಪಿನಷ್ಟು ಬೂದಿ ತೆಗೆದು ನೀರಿಗೆ ಬಿಟ್ಟರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಚ್ಚಳ ಹಾಕಿ ಡಬ್ಬವನ್ನು ಮ್ಯೂರಿಯಲ್‌ಳ ಕೈಗೆ ಕೊಟ್ಟರು.

"ಬಂದ, ನೋಡಿದ, ಸಾಕು. ತಲೆ ಸುತ್ತೋಕೆ ಮುಂಚೆ ಮನೆಗೆ ಕರ್ಕೊಂಡು ಹೋಗೋಣ. ಭಾನುವಾರದ ಬಸ್ಸಿನಲ್ಲಿ ನನಗೂ ಒಂದು ಸೀಟು ಹಿಡಿದಿರು."

ಮ್ಯೂರಿಯಲ್ ಡಬ್ಬವನ್ನು ಅಪ್ಪಿಕೊಂಡು ಡೋರೀನ್ ಕಡೆ ತಿರುಗಿದಳು. "ಲಾಂಡ್ರಿಗೆ ಹೋಗಿ ನೋಡಿದೆ. ಎಪ್ಪತ್ತೇ ಉಳಿದಿವೆ. ಹಡಗಿನ ತುಂಬಾ ಕಳ್ಳರು!"

ಅವರು ಒಳಗೆ ಹೋದ ಮೇಲೂ ಗೆಳತಿಯರಿಬ್ಬರು ಕಟಕಟೆಗೆ ಒರಗಿ ನಿಂತಿದ್ದರು. ಗ್ಲೆನಿಸ್ ಕೈಚೀಲ ತೆರೆದು, ಮಡಿಕೆಯಲ್ಲಿ ಸವೆದ ಕಾಗದವನ್ನು ಬಿಡಿಸಿದಳು, ಇಡೀ ಓದಿದಳು, ಮತ್ತೆ ಮಡಚಿದಳು.

"ಊರಿಗೆ ಹೋದ ಮೇಲೆ ನನ್ನ ಜೊತೆ ಒಂದು ಕಡೆ ಬರ್ತೀಯಾ?"

"ಎಲ್ಲಿಗೆ?"

"ಅಮ್ಮನ್ನ ಕರ್ಕೊಂಡು ಬರೋಕೆ. ಐದು ತಿಂಗಳಾಯ್ತು, ಶವಸಂಸ್ಕಾರದವರ ಕಪಾಟಿನಲ್ಲೇ ಇದ್ದಾಳೆ. ನನಗೆ ಕಾಲೇ ಏಳಲಿಲ್ಲ."

ಡೋರೀನ್ ನೀರನ್ನೇ ನೋಡುತ್ತಾ ಅವಳ ತೋಳಿಗೆ ತನ್ನ ತೋಳು ಸೇರಿಸಿದಳು.

"ಸೋಮವಾರವೇ ಹೋಗೋಣ," ಎಂದಳು. "ಈಗ ಬಾ, ಮಲಗೋಣ."