ಕೋಲು ಬಿಡಬೇಡ ಮಾಂಟಿ

"ಏಯ್ ಹುಡುಗಿ! ಹುಲ್ಲಿನ ಮೇಲಿಂದ ಈಚೆ ಬಾ!"

ಟೆಸ್ಸಾ ಬೆಚ್ಚಿ ನಿಂತಳು. ಕಾಲೇಜಿನ ಅಂಗಳದ ನಟ್ಟನಡುವೆ, ಹಸಿರು ಹುಲ್ಲಿನ ಮೇಲೆ ಅವಳೊಬ್ಬಳೇ ಇದ್ದಳು. ಸುತ್ತಲೂ ಕಲ್ಲುಹಾಸಿನ ಮೇಲೆ ಐವತ್ತು ಜನ ಪ್ರವಾಸಿಗರು ನಿಂತು ಅವಳನ್ನೇ ನೋಡುತ್ತಿದ್ದರು. ದುಂಡನೆಯ ಕರಿ ಟೋಪಿ ಹಾಕಿದ್ದ ಕಾವಲುಗಾರ ಕೈ ಬೀಸುತ್ತಾ ಓಡಿ ಬಂದ. ಪಾಪ, ಅವನಿಗೂ ಹುಲ್ಲು ತುಳಿಯುವ ಹಾಗಿಲ್ಲ. ಅಂಚಿನಲ್ಲೇ ಸುತ್ತಿ ಬಳಸಿ ಅವಳಿಗೆ ಹತ್ತಿರದ ಬದಿಗೆ ಬರಬೇಕಾಯಿತು.

"ಇದರ ಮೇಲೆ ನಡೆಯೋಕೆ ಇಲ್ಲಿನ ದೊಡ್ಡ ಪ್ರೊಫೆಸರ್‌ಗಳಿಗೆ ಮಾತ್ರ ಪರ್ಮಿಷನ್," ಅಂದ ಏದುಸಿರು ಬಿಡುತ್ತಾ. "ನೀನು ಪ್ರೊಫೆಸರಾ?"

"ಅಲ್ಲ ಸರ್."

"ಮತ್ತೆ? ಬೋರ್ಡ್ ಓದೋಕೆ ಬರಲ್ವಾ?"

ಓದೋಕೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ಬೋರ್ಡಿಗೆ ಬೆನ್ನು ಒರಗಿಸಿಕೊಂಡು ಮಾಂಟಿ ನಿಂತಿದ್ದ! "ಹನ್ನೆರಡು ವರ್ಷದೊಳಗಿನ ಮಕ್ಕಳು ಹೋಗಬಹುದು, ನಮ್ಮಣ್ಣ ಹೇಳಿದ್ದಾನೆ," ಅಂದವನೂ ಅವನೇ. ಈಗ ನೋಡಿದರೆ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಪಕ್ಕದಲ್ಲಿ ಓರ್ಲಾ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

"ನೀನು ಪ್ರೊಫೆಸರಾ?" ಅಂತ ಕಾವಲುಗಾರನ ದನಿಯಲ್ಲೇ ಅಣಕಿಸಿದ ಮಾಂಟಿ. ಟೆಸ್ಸಾಳ ಮುಖ ಕೆಂಪಾಯಿತು.

"ತಾಳು, ಮಾಡ್ತೀನಿ ನಿನಗೆ," ಅಂದಳು.

ಮೂವರೂ ಈಲಿ ಊರಿನವರು, ಒಂದೇ ಕ್ಲಾಸು. ಓರ್ಲಾಳ ಅಜ್ಜಿ ಅವರನ್ನು ರೈಲಿನಲ್ಲಿ ಕೇಂಬ್ರಿಡ್ಜ್‌ಗೆ ಕರೆತಂದಿದ್ದರು. ಅಜ್ಜಿಯನ್ನು ಓರ್ಲಾ ನ್ಯಾನ್ ಅನ್ನುತ್ತಿದ್ದಳು. ಹಾಗಾಗಿ ಅವರ ಬೀದಿಯ ಮಕ್ಕಳಿಗೆಲ್ಲ ಅವರು ನ್ಯಾನೇ. ಆ ದಿನ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ: ಮಧ್ಯಾಹ್ನ ದೋಣಿಯಲ್ಲಿ ಕಾಲು ಚಾಚಿ ಕೂತು ಸಾಸೇಜ್ ರೋಲ್ ತಿನ್ನಬೇಕು.

ಅಲ್ಲಿನ ದೋಣಿಗೆ ಹುಟ್ಟು ಹಾಕುವುದಿಲ್ಲ. ಹಿಂಭಾಗದ ಹಲಗೆಯ ಮೇಲೆ ನಿಂತು, ಉದ್ದನೆಯ ಕೋಲನ್ನು ಹೊಳೆಯ ತಳಕ್ಕೆ ಊರಿ ತಳ್ಳಬೇಕು. ಬಾಡಿಗೆ ದೋಣಿಯವನು ಮಕ್ಕಳಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟು, ಹೇಗೆ ತಳ್ಳಬೇಕು ಅಂತ ಹೇಳಿಕೊಟ್ಟ. ಆಗ ಮಾಂಟಿ, ಓರ್ಲಾ ಐಸ್‌ಕ್ರೀಮ್ ಸಾಲಿನಲ್ಲಿದ್ದರು. ನ್ಯಾನ್ ದಿಂಬುಗಳನ್ನು ಒತ್ತಿ ಒತ್ತಿ ನೋಡಿ ಮೆತ್ತಗಿರುವುದನ್ನು ಆರಿಸುತ್ತಿದ್ದರು. ಕೇಳಿಸಿಕೊಂಡವಳು ಟೆಸ್ಸಾ ಒಬ್ಬಳೇ.

"ಕೊನೇ ಮಾತು," ಅಂದ ದೋಣಿಯವನು. "ತಳದಲ್ಲಿ ಕೆಸರಿದೆ. ಕೋಲು ಸಿಕ್ಕಿಹಾಕಿಕೊಂಡ್ರೆ ಎಳೀತಾ ಕೂರಬೇಡಿ, ಬಿಟ್ಬಿಡಿ. ಕೋಲು ಹೋದ್ರೆ ಹೋಗಲಿ, ದೋಣಿಯಲ್ಲಿ ಚಿಕ್ಕ ಹುಟ್ಟು ಇದೆ. ಬಿಡದೆ ಹಿಡ್ಕೊಂಡ್ರೋ, ದೋಣಿ ಮುಂದೆ ಹೋಗುತ್ತೆ, ನೀವು ಕೋಲಿನ ಮೇಲೆ ಉಳೀತೀರಿ!"

ಟೆಸ್ಸಾಳ ತಲೆಯಲ್ಲಿ ಆ ಚಿತ್ರ ಮೂಡಿತು. ಕೋಲಿನ ಮೇಲೆ ಇದ್ದವನು ಮಾಂಟಿ. ಅವಳಿಗೆ ಬಹಳ ಖುಷಿಯಾಯಿತು.

ಮೊದಲ ಸೇತುವೆ ದಾಟುವವರೆಗೆ ನ್ಯಾನ್ ತಳ್ಳಿದರು. ಆಮೇಲೆ ಕೋಲನ್ನು ಮಾಂಟಿಗೆ ಕೊಟ್ಟು, ದಿಂಬಿಗೆ ಒರಗಿ ಸಾಸೇಜ್ ರೋಲಿನ ಪೊಟ್ಟಣ ಬಿಚ್ಚಿದರು. ಮಾಂಟಿ ಹಲಗೆ ಹತ್ತಿದ.

"ಟೆಸ್ಸಾ, ಆ ದೋಣಿಯವನು ಏನೇನು ಹೇಳ್ದ?"

"ಕೋಲನ್ನ ನೇರ ಕೆಳಗೆ ಬಿಡು. ತಳ ಸಿಕ್ಕಿದ ಮೇಲೆ ತಳ್ಳು." ಅಷ್ಟೂ ನಿಜವೇ. ಎರಡು ನಿಜದ ಹಿಂದೆ ಬರುವ ಸುಳ್ಳು ಗೊತ್ತೇ ಆಗುವುದಿಲ್ಲ. "ಆಮೇಲೆ, ಕೋಲು ಕೆಸರಲ್ಲಿ ಸಿಕ್ಕಿಕೊಂಡ್ರೆ ಏನೇ ಆದ್ರೂ ಬಿಡಬೇಡ."

"ಏನೇ ಆದ್ರೂ?"

"ಏನೇ ಆದ್ರೂ. ಗಟ್ಟಿಯಾಗಿ ಹಿಡ್ಕೋ."

"ಓಕೆ," ಅಂದ ಮಾಂಟಿ.

ಒಂದು ಸಲ ತಳ್ಳಿದ. ಎರಡು ಸಲ ತಳ್ಳಿದ. ಏನೂ ಆಗಲಿಲ್ಲ. ಟೆಸ್ಸಾಗೆ ಬೇಜಾರಾಗತೊಡಗಿತು. ಮಾಂಟಿ ಬೀಗುತ್ತಾ, ಸೇತುವೆಯ ಮೇಲಿದ್ದ ಜನರಿಗೆಲ್ಲ ರಾಜನ ಹಾಗೆ ತಲೆಯಾಡಿಸಿದ. ಮೂರನೇ ಸಲ ಜೋರಾಗಿ ಊರಿದ.

ಕೋಲು ಕೆಸರಿನಲ್ಲಿ ಕಚ್ಚಿಕೊಂಡಿತು. ದೋಣಿ ನಿಲ್ಲಲಿಲ್ಲ. ಮಾಂಟಿಯ ಕಾಲು ದೋಣಿಯ ಮೇಲೆ, ಕೈ ಕೋಲಿನ ಮೇಲೆ. ನಡುವೆ ಅವನು ಉದ್ದ ಉದ್ದ ಆಗುತ್ತಾ ಹೋದ. ಕೊನೆಗೆ ಕಾಲೂ ಜಾರಿತು. ತೆಂಗಿನಮರಕ್ಕೆ ಅಂಟಿಕೊಂಡ ಮಂಗನ ಹಾಗೆ ಮಾಂಟಿ ಹೊಳೆಯ ನಡುವೆ ಕೋಲಿಗೆ ನೇತಾಡಿದ.

ಸೇತುವೆಯ ಮೇಲಿನವರು ಫೋನ್ ತೆಗೆದು ಫೋಟೋ ಹೊಡೆದರು. ಓರ್ಲಾ ಕಿಸಕಿಸ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಟೆಸ್ಸಾ.

"ಟೆಸ್ಸಾ!" ಮಾಂಟಿ ಕೂಗಿದ. "ನಾನು ಬಿಟ್ಟಿಲ್ಲ! ಹಿಡ್ಕೊಂಡೇ ಇದೀನಿ! ಮುಂದೇನು ಮಾಡ್ಲಿ?"

ಅವನು ಸೇತುವೆಯ ಕಡೆ ನೋಡುತ್ತಿರಲಿಲ್ಲ, ನ್ಯಾನ್ ಕಡೆಗೂ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಟೆಸ್ಸಾ ನಗುವುದನ್ನು ನಿಲ್ಲಿಸಿದಳು.

ಗುರುವಾರದ ಈಜು ಕ್ಲಾಸು ಅವಳಿಗೆ ನೆನಪಾಯಿತು. ಎಲ್ಲರೂ ನೀರಿಗೆ ಹಾರಿದರೂ ಮಾಂಟಿ ಮಾತ್ರ ಅಂಚಿನ ಕಂಬಿ ಬಿಡುವುದೇ ಇಲ್ಲ. ತಲೆನೋವು ಅನ್ನುತ್ತಾನೆ, ಇಲ್ಲವೇ ಹೊಟ್ಟೆನೋವು. ಅದು ಭಯ ಅಂತ ಟೆಸ್ಸಾಗೆ ಗೊತ್ತಿತ್ತು. ಬೆಳಗಿನಿಂದ ಕೋಪದಲ್ಲಿ ಅದನ್ನು ಮರೆತೇಬಿಟ್ಟಿದ್ದಳು.

"ಅಯ್ಯೋ ದೇವರೇ! ಆ ಹುಡುಗಂಗೆ ಹಿಡ್ಕೊಂಡಿರು ಅಂತ ಯಾರು ಹೇಳಿದ್ದು?" ನ್ಯಾನ್ ಹುಟ್ಟು ತೆಗೆದು ಬಲಗಡೆ ಹಾಕಿದರು. ಓರ್ಲಾ ಎಡಗಡೆ ಕೈಯಲ್ಲೇ ನೀರು ತಳ್ಳಿದಳು, ಅದೂ ಉಲ್ಟಾ. ದೋಣಿ ನಿಂತಲ್ಲೇ ಬುಗುರಿಯಾಯಿತು.

ಕೋಲು ನಿಧಾನವಾಗಿ ವಾಲುತ್ತಿತ್ತು. "ಟೆಸ್ಸಾ, ಬೇಗ ಹೇಳೇ!"

ಟೆಸ್ಸಾ ಧುಮುಕಿದಳು. ನೀರು ಕೊರೆಯುತ್ತಿತ್ತು. ಕಾಲು ಕೆಸರಿಗೆ ಹೂತು ಒಂದು ಶೂ ಅಲ್ಲೇ ಉಳಿಯಿತು. ಎದ್ದು ನಿಂತರೆ ಸೊಂಟದವರೆಗೆ ಮಾತ್ರ ನೀರು.

"ಮಾಂಟಿ, ಬಿಟ್ಬಿಡು! ನೋಡು, ನಾನು ನಿಂತಿದೀನಿ!"

"ಏನೇ ಆದ್ರೂ ಬಿಡಬೇಡ ಅಂದಿದ್ದೆ!"

"ಈಗ ಬಿಡು ಅಂತಿದೀನಿ! ನಾನು ಹಿಡ್ಕೋತೀನಿ!"

ಮಾಂಟಿ ಕಣ್ಣು ಮುಚ್ಚಿ ಕೈ ಬಿಟ್ಟ. ಧಡಾರ್! ಟೆಸ್ಸಾ ಅವನ ಜಾಕೆಟ್ ಹಿಡಿದು ನಿಲ್ಲಿಸಿದಳು. ಸೇತುವೆಯಿಂದ ಚಪ್ಪಾಳೆ ಕೇಳಿಸಿತು. ಮಾಂಟಿ ಮೂಗಿನಿಂದ ನೀರು ಸೀನಿ, ನಡುಗುತ್ತಲೇ ಅವರಿಗೆಲ್ಲ ಬಾಗಿ ನಮಸ್ಕಾರ ಮಾಡಿದ.

"ನೀನು ಹೇಳಿರಲಿಲ್ಲ ಅಂದ್ರೆ ನಾನು ಮೊದಲೇ ಬಿಟ್ಬಿಡ್ತಿದ್ದೆ ಗೊತ್ತಾ?" ಅಂದ. "ಥ್ಯಾಂಕ್ಸ್ ಕಣೇ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಟೆಸ್ಸಾಗೆ.

"ಬಿಡಬೇಕು ಅಂತಲೇ ಆ ದೋಣಿಯವನು ಹೇಳಿದ್ದು," ಅಂದಳು. "ನಾನು ಉಲ್ಟಾ ಹೇಳ್ದೆ. ಬೇಕಂತಲೇ."

ಮಾಂಟಿ ಮುಖದ ಮೇಲಿನ ನೀರು ಒರೆಸಿಕೊಂಡ.

"ಹುಲ್ಲಿನ ವಿಷಯಕ್ಕಾ?"

"ಹೂಂ."

"ಸರಿ. ಹಾಗಾದ್ರೆ ಸಮ ಸಮ," ಅಂದು ನಕ್ಕ. ನಗು ಚಿಕ್ಕದಾಗಿತ್ತು.

ಬೆಳಗಿನಿಂದ ಟೆಸ್ಸಾಗೆ ಬೇಕಾಗಿದ್ದೂ ಅದೇ. ಸಿಕ್ಕಿದ ಮೇಲೆ ಯಾಕೋ ಖುಷಿಯಾಗಲಿಲ್ಲ.

ಇಬ್ಬರೂ ನೀರು ಸರಿಸುತ್ತಾ ದಡಕ್ಕೆ ಬಂದರು. ಅಲ್ಲಿ ಇಳಿಜಾರು, ಪಾಚಿ ಬೇರೆ. ಟೆಸ್ಸಾ ಕೈಯಿಂದ ತಡವಿ ಒಂದು ಕಲ್ಲು ಹುಡುಕಿದಳು.

"ಇಲ್ಲಿ ಕಾಲಿಡು ಮಾಂಟಿ. ಗಟ್ಟಿ ಇದೆ."

ಮಾಂಟಿ ಕಾಲು ಎತ್ತಿದವನು ಹಾಗೇ ನಿಲ್ಲಿಸಿದ. ಕಲ್ಲನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ.

"ನಿಜವಾಗ್ಲೂ?"

ಅವನು ಅಣಕಿಸುತ್ತಿರಲಿಲ್ಲ. ಸುಮ್ಮನೆ ಕೇಳಿದ, ಅಷ್ಟೇ. ಟೆಸ್ಸಾ ತಾನೇ ಮೊದಲು ಆ ಕಲ್ಲಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ಅವನಿಗೆ ಕಾಣುವಷ್ಟು ಹೊತ್ತು ನಿಂತಳು. ಆಮೇಲೆ ದಡ ಹತ್ತಿ, ಅವನ ಕಡೆ ಕೈ ಚಾಚಿದಳು.