ಮೀನೆಣ್ಣೆ ತುಂಬಿದ ಬನ್ನು

"ನಂಗೂ ಒಂದು ಬನ್ನು ಕೊಡ್ತೀಯಾ, ಯೋರುನ್?"

ಆ ದನಿ ಕೇಳಿದ್ದೇ ಯೋರುನ್‌ಳ ಕೈ ನಿಂತಿತು. ಐಲಿವ್! ವರ್ಷದ ಮೇಲೆ ಅವಳ ಬೇಕರಿಯ ಬಾಗಿಲಲ್ಲಿ, ಗಡ್ಡದ ತುಂಬ ಹಿಮ ಹೊತ್ತು...

"ನಿಮ್ಮದು ಬೇರೇನೇ ತೆಗೆದಿಟ್ಟಿದೀನಿ."

ಮದುವೆಯಾಗಬೇಕಿದ್ದವನಿಗೆ ಈಗ 'ನೀವು'. ಅವನ ಮುಖ ಸಪ್ಪಗಾಯಿತು. ಆಗಲಿ, ಇದಿನ್ನೂ ಶುರು!

ನಾರ್ವೆಯ ಉತ್ತರದ ತುದಿಯ ಆ ದ್ವೀಪದಲ್ಲಿ ಚಳಿಗಾಲದ ಎರಡು ತಿಂಗಳು ಸೂರ್ಯ ಮುಖ ತೋರಿಸುವುದಿಲ್ಲ. ಸೂರ್ಯ ಮರಳುವ ದಿನ ಊರೆಲ್ಲ ಗುಡ್ಡ ಹತ್ತಿ, ಮೊದಲ ಬಿಸಿಲಿಗೆ ಜಾಮ್ ತುಂಬಿದ ಬನ್ನು ಕಚ್ಚುತ್ತದೆ. ಐಲಿವನ ಹಡಗು ನಿನ್ನೆ ದಡ ಸೇರಿದ ಸುದ್ದಿ ಕೇಳಿಯೇ ಯೋರುನ್ ಅವನ ಬನ್ನಿಗೆ ಜಾಮ್ ಬದಲು ಮೀನೆಣ್ಣೆ ತುಂಬಿದ್ದಳು. ಕತ್ತಲ ದಿನಗಳಲ್ಲಿ ಮಂಕು ಕವಿಯದಿರಲೆಂದು ಮೂಗು ಹಿಡಿದು ಕುಡಿಯುವ ಎಣ್ಣೆ ಅದು.

ಹೋದ ಚಳಿಗಾಲ ಅವಳಿಗೆ ಆ ಮಂಕು ಕವಿದಿತ್ತು. ತಲೆ ಬಾಚಿಕೊಳ್ಳುವುದೂ ಬೇಡವಾಗಿ ಮಲಗಿಬಿಟ್ಟಿದ್ದಳು. ಐಲಿವ್ ಒಮ್ಮೆಯೂ ಬಾಗಿಲು ತಟ್ಟಲಿಲ್ಲ. ಹಿಮ ಕರಗುವಾಗ ಎದ್ದವಳು ಉಂಗುರವನ್ನು ಅವನ ಅಕ್ಕನ ಕೈಯಲ್ಲಿ ಕಳಿಸಿದಳು. ಅವನು ದೂರ ಹೋಗುವ ಹಡಗು ಹತ್ತಿದ.

ಈ ಸಲ ಮಂಕು ಮತ್ತೆ ಬಂದಾಗ ಅವಳನ್ನು ಎಬ್ಬಿಸಿದ್ದು ಸಿಟ್ಟು. ಬೆಳಿಗ್ಗೆ ಎಣ್ಣೆ ಕುಡಿದಳು, ಮಧ್ಯಾಹ್ನದ ನೀಲಿ ಬೆಳಕಿನಲ್ಲಿ ನಡೆದಳು, ಹಿಟ್ಟನ್ನು ಅವನ ಮುಖವೆಂದುಕೊಂಡು ಗುದ್ದಿದಳು. 'ಬರಲಿ ಅವನು... ಮಾಡ್ತೀನಿ!'

ಅಂದು ಊರೆಲ್ಲ ಗುಡ್ಡ ಹತ್ತಿ ನಿಂತಾಗ ಬಿಸಿಲು ಇಣುಕಿತು. ಎಲ್ಲರ ಜೊತೆ ಐಲಿವನೂ ಬನ್ನು ಕಚ್ಚಿದ. ಎಣ್ಣೆ ಗಡ್ಡಕ್ಕಿಳಿಯಿತು, ಕಣ್ಣಲ್ಲಿ ನೀರು ಬಂತು. ಸುತ್ತಲಿನವರು ನಕ್ಕರು. ಯೋರುನ್‌ಳ ಹೊಟ್ಟೆ ತಣ್ಣಗಾಯಿತು.

ಆದರೆ ಅವನು ಉಗುಳಲಿಲ್ಲ. ಕೊನೆಯ ಚೂರಿನವರೆಗೂ ನುಂಗಿದ.

ಅವಳಿಗೆ ತಡೆಯಲಾಗಲಿಲ್ಲ. "ಒಂದು ಸಲನಾದ್ರೂ ಯಾಕೆ ಬರಲಿಲ್ಲ?"

"ದಿನಾ ಬಂದಿದ್ದೆ. ನಿನ್ನ ಕಿಟಕೀಲಿ ದೀಪ ಇರಲಿಲ್ಲ."

ಆ ಊರಲ್ಲಿ ಕಿಟಕಿಯ ದೀಪವೆಂದರೆ ಒಳಗೆ ಬನ್ನಿ ಎಂದು. ದೀಪವಿಲ್ಲದ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಅವಳಿಗೆ ದೀಪ ಹಚ್ಚುವ ತ್ರಾಣವೂ ಇರಲಿಲ್ಲ... ಅವನು ತಾನು ಬೇಡವಾದೆನೆಂದು ತಿಳಿದು, ಅವಳ ಮೆಟ್ಟಿಲ ಹಿಮ ಗೋರಿ ಹಾಕಿ ಹಿಂದಿರುಗುತ್ತಿದ್ದ. ಅದು ಪಕ್ಕದ ಮನೆಯವರ ಕೆಲಸವೆಂದೇ ಅವಳು ನಂಬಿದ್ದಳು.

"ಆಮೇಲೆ ಉಂಗುರಾನೂ ಬಂತು. ಇನ್ನೇನು ಕೇಳ್ಲಿ ನಾನು?"

ಸಿಟ್ಟು ಕರಗುತ್ತಿದ್ದಂತೆ ಅವಳಿಗೆ ಹೆದರಿಕೆಯೇ ಆಯಿತು.

"ಈ ಸಿಟ್ಟಿಂದಾನೇ ನಾನು ಎದ್ದು ಓಡಾಡಿದ್ದು, ಐಲಿವ್. ಅದೂ ಹೋದ್ರೆ... ಬರೋ ಚಳಿಗಾಲ ನನ್ನ ಎಬ್ಬಿಸೋರು ಯಾರು?"

"ನಾನು. ದೀಪ ಇರಲಿ, ಬಿಡಲಿ. ಬಾಗಿಲು ಮುರ್ಕೊಂಡಾದ್ರೂ ಬರ್ತೀನಿ."

"ಮುರೀಬೇಡ, ಬೀಗದ ಕೈ ಕೊಡ್ತೀನಿ." ಅವಳು ಅವನ ಗಡ್ಡದ ಎಣ್ಣೆಯನ್ನು ತನ್ನ ಶಾಲಿನಿಂದಲೇ ಒರೆಸಿದಳು. "ಆದ್ರೆ ದಿನಾ ಬೆಳಿಗ್ಗೆ ನನ್ನ ಜೊತೆ ಎಣ್ಣೆ ಕುಡೀಬೇಕು ನೀನು."

"ಒಂದು ಚಮಚ ಸಾಕಲ್ವಾ?"

"ಎರಡು. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ನಂಗೆ."