ಕೊನೆಯ ಪ್ಯಾರಾ

"ಓದಾಕ ಹಿಡಿದ್ರ ಕಡೀತನಕ ಓದ್ರಿ, ಧಣೇರ. ನಡುವ ನಿಲ್ಲಸಬ್ಯಾಡ್ರಿ. ನೀರು ಕುಡ್ಯಾಕೂ ನಿಲ್ಲಸಬ್ಯಾಡ್ರಿ."

ಹುಲುಗಪ್ಪ ಕಾಗದದ ಸುರುಳಿಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿ ಬೆರಳ ತುದಿ ಕಪ್ಪಾಗಿದ್ದ ಆ ಮನುಷ್ಯ, ಕಂಪ್ಲಿಯಿಂದ ಹೊಸಪೇಟೆಯವರೆಗೂ ಅದನ್ನು ಬಿಚ್ಚಿ ನೋಡದೆ ತಂದಿದ್ದ.

ಗಾದಿಲಿಂಗಪ್ಪ ನಕ್ಕ. "ನಿಲ್ಲಿಸಿದ್ರ ಏನಾಕ್ಕೈತೋ? ಓದೂವವರ ನಿದ್ದಿ ಹಾರಿಹೋಕ್ಕೈತೇನು? ಹಂಗಾದ್ರ ಚಲೋನ ಆತು. ಅದಕ್ಕs ಪತ್ರಿಕಿ ನಡಸ್ತೀನಿ."

"ಬಾಯಿಕಟ್ಟು ಅದು. ಅರ್ಧಕ್ಕ ಬಿಟ್ರ ಓದಿದವರ ಬಾಯಿಗೇ ಬೀಳ್ತೈತಿ ಅಂತಾಳ ಇದನ್ನ ಬರೆಸಿದ ನಮ್ಮ ಚಿಗವ್ವ ಹೊನ್ನೂರಮ್ಮ."

"ನಿಮ್ಮ ಚಿಗವ್ವಗ ಹೇಳು, ಮದ್ರಾಸಿನಾಗ ಹತ್ತು ವರ್ಷ ದೆವ್ವಗಳ ಕಾಗುಣಿತ ತಿದ್ದಿ ಬಂದೀನಿ. ಒಂದೂ ನನ್ನ ಕಚ್ಚಿಲ್ಲ."

ಹುಲುಗಪ್ಪ ಮಿಷಿನ್ನಿಗೆ ಕಾಗದ ಉಣಿಸುವುದಿದೆ ಎಂದು ಗೊಣಗಿ ಹೊರಗಿನ ಕೋಣೆಗೆ ಹೋದ.

ಇದು ಸಾವಿರದ ಒಂಬೈನೂರ ಮೂವತ್ತೇಳರ ಬೇಸಗೆಯ ಮಾತು. ಗಾದಿಲಿಂಗಪ್ಪ ಕಾಲಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಮಿಷಿನ್ನನ್ನೂ ಪ್ರೂಫು ತಿದ್ದಿ ತಿದ್ದಿ ಅರ್ಧ ಸತ್ತ ಕಣ್ಣುಗಳನ್ನೂ ಮದ್ರಾಸಿನಿಂದ ಹೊತ್ತು ತಂದು ಎರಡು ವರ್ಷವಾಗಿತ್ತು. ಅವನ ಮಾಸಪತ್ರಿಕೆಯ ಹೆಸರು 'ಗ್ರಹಣ'. ಅರ್ಧದಲ್ಲಿ ಮಂಗಳಗ್ರಹಕ್ಕೆ ಹೊರಟ ಹಡಗುಗಳು, ಮಾತಾಡುವ ಕಬ್ಬಿಣದ ಮನುಷ್ಯರು. ಉಳಿದರ್ಧದಲ್ಲಿ ದೆವ್ವ, ಮಾಟ, ಬಾಣಂತಿ ಸತ್ತ ಮನೆ. ಬಳ್ಳಾರಿಯಿಂದ ಧಾರವಾಡದವರೆಗೆ ನಾನೂರು ಮಂದಿ ಅದನ್ನು ತರಿಸಿಕೊಂಡು ಓದಿ ಹೆದರುತ್ತಿದ್ದರು. ಸಂಪಾದಕ ಮಾತ್ರ ಯಾವುದಕ್ಕೂ ಹೆದರಿದವನಲ್ಲ. ಪರರ ಬರಹಕ್ಕೆ ಕತ್ತರಿ ಹಾಕುವವನಿಗೆ ಇರಬೇಕಾದ ಧೈರ್ಯ ಅವನಲ್ಲಿ ತುಸು ಹೆಚ್ಚೇ ಇತ್ತು.

ಅವನ ಕತ್ತರಿಗೆ ಒಂದು ಚಾಳಿಯಿತ್ತು. ಯಾರ ಕತೆಯೇ ಬರಲಿ, ಕೊನೆಯ ಪ್ಯಾರಾ ಹೋಗಬೇಕು. ಲೇಖಕರು ಕೊನೆಗೆ ಬಂದಾಗ ಪುಕ್ಕಲರಾಗುತ್ತಾರೆ, ದೆವ್ವವನ್ನು ಓಡಿಸಿ ಊದಿನಕಡ್ಡಿ ಹಚ್ಚುತ್ತಾರೆ ಎಂಬುದು ಅವನ ದೂರು. ಬೈಗುಳದ ಪತ್ರಗಳು ಬರುತ್ತಿದ್ದವು. ಸ್ವಂತದ್ದೊಂದು ಸಾಲು ಬರೆದು ತೋರಿಸು ಎಂದು ಒಬ್ಬ ಸವಾಲು ಹಾಕಿದ್ದ. ಅದೊಂದು ಮಾತು ಮಾತ್ರ ಗಾದಿಲಿಂಗಪ್ಪನಿಗೆ ಚುಚ್ಚಿತ್ತು, ಯಾಕೆಂದರೆ ಅವನು ಜನ್ಮದಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಅವನ ಕಣ್ಣಿನ ಕೆಲಸವೆಲ್ಲ ಹೆಂಡತಿ ಕೊಟ್ರಬಸಮ್ಮನ ಬಾಯಿಗೆ ಬಿದ್ದಿತ್ತು. ದಿನವೂ ಮಧ್ಯಾಹ್ನ ನಡುಮನೆಯಲ್ಲಿ ಅವಳು ಹಸ್ತಪ್ರತಿ ಓದುವಳು, ಅವನು ಕಣ್ಣು ಮುಚ್ಚಿ ಕೇಳುವನು. ತಗ್ಗಿನ ದನಿ ಅವಳದು. ಮಂಗಳಗ್ರಹದ ಧೂಳನ್ನೂ ಅವಳು ಅಂಗಳದ ಧೂಳಿನಷ್ಟೇ ನಂಬಿ ಓದುತ್ತಿದ್ದಳು. ಎಲ್ಲಿ ಕತೆ ಮುಗಿಯಬೇಕೆನಿಸುತ್ತದೋ ಅಲ್ಲಿ ಅವನು "ಸಾಕು" ಎನ್ನುವನು. ಅವಳು ನಿಲ್ಲಿಸುವಳು. ಆ ದನಿಯಿಲ್ಲದೆ ತನಗೆ ಪತ್ರಿಕೆಯಿಲ್ಲ, ಬದುಕೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳೆದುರು ಎಂದೂ ಹೇಳಿರಲಿಲ್ಲ ಅಷ್ಟೆ.

ಸೋಮವಾರ ಮಧ್ಯಾಹ್ನ ಅವಳು ಆ ಸುರುಳಿ ಬಿಚ್ಚಿದಳು. ಸಂಡೂರಿನ ಗುಡ್ಡದಲ್ಲಿ ಕುರಿ ಕಾಯುವವರಿಗಾಗಿ ಚಿರತೆಗಳ ಬಾಯಿ ಕಟ್ಟುತ್ತಿದ್ದ ಹೆಂಗಸರ ಕತೆ. ಅವರಲ್ಲೊಬ್ಬಳು ಸಿಟ್ಟಿನಲ್ಲಿ ಮನುಷ್ಯನ ಬಾಯಿ ಕಟ್ಟಿಬಿಡುತ್ತಾಳೆ. ಕಟ್ಟಿದ ಮಂತ್ರವೆಲ್ಲ ಅದರಲ್ಲಿಯೇ ಇತ್ತು. ಕೊಟ್ರಬಸಮ್ಮ ಓದುತ್ತ ಓದುತ್ತ ಸೆರಗು ಬಿಗಿದುಕೊಂಡಳು. "ಮೊದಲ ದಿನ ನಾಲಿಗೆ. ಎರಡನೆಯ ದಿನ ಗಂಟಲು. ಮೂರನೆಯ ದಿನ ಉಸಿರು."

"ಸಾಕು!" ಗಾದಿಲಿಂಗಪ್ಪ ತೊಡೆ ತಟ್ಟಿಕೊಂಡ. "ಇಲ್ಲಿಗೇ ಮುಗೀಬೇಕು."

"ಇನ್ನೊಂದು ಪ್ಯಾರಾ ಐತ್ರಿ. ಹುಲುಗಪ್ಪಣ್ಣ ಹೇಳ್ಯಾನಲ್ಲ, ಕಡೀತನಕ..."

"ಕಡೀಕ ಏನಿರ್ತೈತಿ? ಎಲ್ಲಾ ಸರಿಹೋತು, ಎಲ್ಲಾರೂ ಸುಖವಾಗಿದ್ರು. ಸಾಕಂದೆ."

ಅವನು ಕೈಚಾಚಿ ಹಾಳೆ ಇಸಿದುಕೊಂಡ. ಕತ್ತರಿ ಕಚಕ್ಕೆಂದಿತು. ಕೊನೆಯ ತುಂಡು ಬುಟ್ಟಿಗೆ ಬಿತ್ತು. ಕೊಟ್ರಬಸಮ್ಮ ಏನೋ ಹೇಳಲು ಬಾಯಿ ತೆರೆದಳು, ಸುಮ್ಮನಾದಳು. ಸಿಟ್ಟಾಗಿದ್ದಾಳೆ ಎಂದುಕೊಂಡು ಅವನು ಅಂಗಿ ತೊಟ್ಟು ಪೇಟೆಗೆ ಹೋದ.

ಸಂಜೆ ಅವನು ಕರೆದಾಗ ಅವಳು ಓಗೊಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದೇ ಇತ್ತು. ಒಳಗೆ ನಾಲಿಗೆ ಒಣಗಿದ ಚಕ್ಕಳದಂತೆ ಬಿದ್ದಿತ್ತು. ಔಷಧಾಲಯದ ಡಾಕ್ಟರರು ಬಂದು ದೀಪ ಹಿಡಿದು ನೋಡಿ, ರೋಗವೇನೂ ಕಾಣಿಸದೆಂದರು. ಬೇಸಗೆಯ ಬಿಸಿಲು, ವಿಶ್ರಾಂತಿ ಬೇಕು ಎಂದು ಹೇಳಿ ಹೋದರು.

ಮಂಗಳವಾರ ಬೆಳಿಗ್ಗೆ ಅವಳಿಗೆ ನೀರು ಇಳಿಯಲಿಲ್ಲ. ಗುಟುಕು ಒಳಗೆ ಹೋಗಿ ಹಾಗೇ ಹೊರಗೆ ಸುರಿಯಿತು. ಕೆಲಸಕ್ಕೆ ಬಂದ ಹುಲುಗಪ್ಪ ಅವಳ ಮುಖ ನೋಡಿದ, ಆಮೇಲೆ ಧಣಿಯ ಮುಖ ನೋಡಿದ.

"ನಿಲ್ಲಿಸಿದ್ರಿ ಹೌದಿಲ್ಲೋ? ಆ ತುಂಡೆಲ್ಲೈತಿ? ಜಲ್ದಿ ತಗೀರಿ!"

ಗಾದಿಲಿಂಗಪ್ಪ ಬುಟ್ಟಿಗೆ ಓಡಿದ. ಬುಟ್ಟಿ ಖಾಲಿ. ಕೊಟ್ರಬಸಮ್ಮ ಹಿತ್ತಲಿನ ಕಡೆ ಬೆರಳು ತೋರಿಸಿದಳು. ದಿನವೂ ಮಾಡುವ ಹಾಗೆ ಬುಟ್ಟಿಯ ಚೂರುಗಳಿಂದಲೇ ಬಚ್ಚಲ ಒಲೆ ಹಚ್ಚಿದ್ದಳು. ಅವನು ಬೂದಿಯಲ್ಲಿ ಮೊಳಕೈವರೆಗೆ ತಡಕಿದ. ಬಿಸಿ ಬೂದಿ ಬಿಟ್ಟರೆ ಏನೂ ಸಿಗಲಿಲ್ಲ. ಮೊದಲ ಸಲ ಅವನಿಗೆ ಹೆದರಿಕೆಯಾಯಿತು.

ಪಕ್ಕದ ಮನೆಯವರನ್ನು ಅವಳ ಬಳಿ ಕೂರಿಸಿ, ಇಬ್ಬರೂ ಮೋಟಾರು ಹಿಡಿದು ಕಂಪ್ಲಿಗೆ ಹೋದರು. ಹೊನ್ನೂರಮ್ಮನದು ಹೊಳೆದಂಡೆಯ ಮನೆ. ಹುಲುಗಪ್ಪ ಹೊರಗೆ ಬೇವಿನ ಬುಡದಲ್ಲೇ ನಿಂತ, ಹೊಸ್ತಿಲು ದಾಟಲಿಲ್ಲ. ಒಳಗೆ ನಡುಹಗಲಲ್ಲೂ ಕತ್ತಲೆ. ಭತ್ತದ ಹೊಟ್ಟು, ಕಮಟು ಹರಳೆಣ್ಣೆ, ಹೊಳೆಯ ಕೆಸರಿನ ವಾಸನೆ. ಮೂಲೆಯಲ್ಲಿ ಯಾರೋ ಉಸಿರಾಡುತ್ತಿದ್ದರು.

"ಕತ್ತರಿಸಿದಾವ ನೀನೇನು?"

"ನಾನs ಅವ್ವಾ. ಕಡೀ ಪ್ಯಾರಾ ಹೇಳು. ಕಾಲಿಗೆ ಬೀಳ್ತೀನಿ."

"ನನ್ನ ಬಾಯಾಗ ಅದಿಲ್ಲೋ ಯಪ್ಪಾ," ಎಂದಳು ಹೊನ್ನೂರಮ್ಮ. "ಹೇಳಿ ಬರೆಸಿದ ಕೂಡ್ಲೇ ನನ್ನಿಂದ ಹೋತು. ಖಾಲಿ ಆಗಿ ಸಾಯಬೇಕಂತನ ಬರೆಸಿದ್ದೆ."

"ಬರಕೊಂಡವರು?"

"ಸಾಲಿ ಮಾಸ್ತರ. ಹೋದ ತಿಂಗಳು ಕಾಲರಾದಾಗ ಸತ್ತ."

"ಅದರಾಗ ಏನಿತ್ತು ಅಷ್ಟರೆ ಹೇಳು."

"ಕಟ್ಟು ಸಾಯಂಗಿಲ್ಲ. ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಕ್ಕೈತಿ. ನಾವು ಹಂಪಿ ಹೊಳಿದಂಡಿ ಮ್ಯಾಲಿನ ಒಂದು ಬಂಡೆಗಲ್ಲಿನ ಬಾಯಿಗೆ ಕಳಸ್ತಿದ್ವಿ. ಅದರ ಹೆಸರು ಆ ತುಂಡಿನಾಗಿತ್ತು. ಹಂಪ್ಯಾಗ ಬಾಯಿ ತೆರದ ಕಲ್ಲು ಏನು ಒಂದಾ, ಎರಡಾ?"

ಗಾದಿಲಿಂಗಪ್ಪ ನೆಲದ ಮೇಲೆ ಕುಸಿದು ಅತ್ತ. ನಾಚಿಕೆಯಿಲ್ಲದೆ ಅತ್ತ. ಮುದುಕಿ ಮೂಲೆಯಿಂದ ತುಸು ಮುಂದೆ ಸರಿದಳು.

"ಕತ್ತರಿಸಿದಾವನs ಕೂಡಿಸಬೇಕು. ನಿನ್ನ ಕೈಲೆ ಬರಿ. ನಿನ್ನ ಬಾಯಿಲೆ ಓದು, ಮೊದಲಿಂದ ಕಡೀತನಕ. ಒಂದು ಬಾಯಿ ಹೆಸರು ಹೇಳು. ನೀ ದಿನಾ ಉಣಿಸೋ ಬಾಯಿ ಇರಬೇಕು. ಓದಿ ಮುಗಸೂವಾಗ ಆ ಬಾಯಿ ಆಡತಿರಬೇಕು. ನಡುವ ನಿಂತಿಯೋ, ಆಕಿ ಹೋದ್ಲು."

"ಮನಷ್ಯಾರ ಬಾಯಿನs ಬೇಕಾ?"

"ಬಾಯಿ ಅಂದ್ರ ಬಾಯಿ," ಎಂದು ಮುದುಕಿ ಗೋಡೆಯ ಕಡೆ ಹೊರಳಿದಳು.

ಮನೆಗೆ ಬಂದವನೇ ಪೆನ್ಸಿಲು ಹಿಡಿದು ಕೂತ. ಜನ್ಮದ ಮೊದಲ ಪ್ಯಾರಾ. ನಾಲಿಗೆಯ ಗಂಟು ಬಿಚ್ಚಲಿ, ಗಂಟಲಿನ ಗಂಟು ಬಿಚ್ಚಲಿ, ಉಸಿರಿನ ಗಂಟು ಬಿಚ್ಚಲಿ ಎಂದು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ. ಆಮೇಲೆ, "ಈ ಕಟ್ಟು ನನ್ನ ಬಾಯಿಗೆ ಬಂದು ಸೇರಿತು" ಎಂದು ಬರೆದ. ಬರೆಯುವಾಗ ಅವನಿಗೆ ಅಳುಕಿರಲಿಲ್ಲ. ಇದನ್ನು ಅವನ ಪರವಾಗಿ ಹೇಳಲೇಬೇಕು.

ಆದರೆ ಬರೆದದ್ದನ್ನು ಹಾಗೇ ಬಿಡುವ ಅಭ್ಯಾಸ ಅವನಿಗೆಲ್ಲಿತ್ತು? ಮತ್ತೆ ನೋಡಿದ. ನಾನು ಮೂರು ದಿನದಲ್ಲಿ ಸತ್ತರೆ ಇವಳ ಗತಿಯೇನು? 'ಗ್ರಹಣ'ದ ಗತಿಯೇನು? ಹೊರಗಿನ ಕೋಣೆಯಲ್ಲಿ ಮಿಷಿನ್ನು ಬಾಯಿ ತೆರೆದು ನಿಂತಿತ್ತು. ದಿನವೂ ಉಣ್ಣುವ ಬಾಯಿ. ಕಬ್ಬಿಣದ ಬಾಯಿಗೆ ನಾಲಿಗೆಯಿಲ್ಲ, ಉಸಿರಿಲ್ಲ. ಹೋದರೆ ಒಂದು ಮಿಷಿನ್ನು, ಎಲ್ಲಾದರೂ ಇನ್ನೊಂದು ಸಿಕ್ಕೀತು. ಅವನ ಕೈ ತಾನಾಗಿ ಕೆಂಪು ಪೆನ್ಸಿಲಿಗೆ ಹೋಯಿತು. "ನನ್ನ ಬಾಯಿಗೆ" ಎಂಬುದನ್ನು ಹೊಡೆದು ಹಾಕಿದ. ಮೇಲೆ "ನನ್ನ ಮಿಷಿನ್ನಿನ ಬಾಯಿಗೆ" ಎಂದು ಬರೆದ. ಒಳ್ಳೆಯ ತಿದ್ದುಪಡಿ ಮಾಡಿದಾಗ ಆಗುವ ಸಣ್ಣ ಖುಷಿ ಆಗಲೂ ಅವನಿಗಾಯಿತು.

ಬುಧವಾರ ಬೆಳಿಗ್ಗೆ ಕೊಟ್ರಬಸಮ್ಮನ ತುಟಿ ನೀಲಿಗಟ್ಟಿತ್ತು.

"ಮಿಷಿನ್ ನಡಸು," ಎಂದು ಗಾದಿಲಿಂಗಪ್ಪ ಹುಲುಗಪ್ಪನಿಗೆ ಹೇಳಿದ. "ಕಾಗದ ಉಣಿಸ್ತಾ ಇರು. ನಾ ಬಂದು ಹೇಳೋತನಕ ನಿಲ್ಲಸಬ್ಯಾಡ."

"ಯಾಕ್ರಿ ಈ ಹೊತ್ತಿನಾಗ?"

"ಕೇಳಬ್ಯಾಡ. ಆಕಿ ಉಳೀಬೇಕಂದ್ರ ನಡಸು."

"ಅಕ್ಕಾರು ಉಳೀತಾರಂದ್ರ ಸಂಜೀತನಕ ತುಳೀತೀನಿ ಬಿಡ್ರಿ," ಎಂದು ಹುಲುಗಪ್ಪ ಪಂಚೆ ಎತ್ತಿ ಕಟ್ಟಿದ.

ಗಾದಿಲಿಂಗಪ್ಪ ನಡುಮನೆಯ ಬಾಗಿಲು ಮುಚ್ಚಿದ. ಬೆಳಕು ಬಿದ್ದರೆ ಅವಳು ಒದ್ದಾಡುತ್ತಿದ್ದಳು. ಒಂದು ಬುಡ್ಡಿದೀಪ. ಸೀಮೆಎಣ್ಣೆಯ ಹೊಗೆ, ಸೀಸದ ವಾಸನೆ, ಅವಳ ಮೈಯ ಬೆವರು. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಹಾಳೆ. ಅವನು ಓದತೊಡಗಿದ. ಅಕ್ಷರಗಳು ಕಲಸಿದವು. ನಿಲ್ಲಲಿಲ್ಲ. ಗೋಡೆಯಾಚೆ ಮಿಷಿನ್ನು ಆಡುತ್ತಿತ್ತು. ಟಕ್. ಧಡ್. ಟಕ್. ಧಡ್.

ಚಿರತೆಗಳು ದಾಟಿದವು. ಗುಡ್ಡ ದಾಟಿತು. ಮೊದಲ ದಿನ ನಾಲಿಗೆ. ಕೊಟ್ರಬಸಮ್ಮನ ಎದೆ ಏರಿತು, ಇಳಿಯಲಿಲ್ಲ. ಎರಡನೆಯ ದಿನ ಗಂಟಲು. ಅವಳ ಉಗುರು ಅವನ ತೊಡೆಗೆ ಇಳಿಯಿತು. ಮೂರನೆಯ ದಿನ ಉಸಿರು. ತನ್ನ ಹಾಳೆ ಎತ್ತಿಕೊಂಡ.

ಆಗ ಕೇಳಿಸಿತು.

ಟಕ್ ಎಂದರೆ ಬಾಯಿ ತೆರೆಯಿತು. ಧಡ್ ಎಂದರೆ ಮುಚ್ಚಿತು. ಎರಡರ ನಡುವೆ ಒಂದು ಸರಕ್. ಎರಡು ವರ್ಷ ದಿನವೂ ಕೇಳಿದ ಸಪ್ಪಳ. ಕಾಗದ ಇಡುವ ಕೈಯ ಸಪ್ಪಳ. ಆ ಬಾಯಿ ತೆರೆದಾಗಲೆಲ್ಲ ಒಳಗೊಂದು ಕೈಯಿತ್ತು. ಹುಲುಗಪ್ಪನ ಕೈ.

ನಿಲ್ಲುವಂತಿಲ್ಲ. ಕೂಗುವಂತಿಲ್ಲ. ಓದುತ್ತಲೇ ಮೊಳಕೈಯಿಂದ ಗೋಡೆ ಗುದ್ದಿದ. ಆಚೆಯವನು ಜೋರು ಮಾಡು ಎಂದು ತಿಳಿದ. ಟಕ್ಸರಕ್ಧಡ್. ಟಕ್ಸರಕ್ಧಡ್. ನಾಲಿಗೆಯ ಗಂಟು ಬಿಚ್ಚಲಿ. ಕೊನೆಯ ಪದ ಧಡ್ ಎಂಬಲ್ಲಿ ಬೀಳಬೇಕು. ಕೈ ಹೊರಗಿರುವಾಗ ಬೀಳಬೇಕು. ಗಂಟಲಿನ ಗಂಟು ಬಿಚ್ಚಲಿ. ಅವಳ ಕಣ್ಣಗುಡ್ಡೆ ಮೇಲಕ್ಕೆ ಹೋಯಿತು. ಉಸಿರಿನ ಗಂಟು ಬಿಚ್ಚಲಿ. ಎಣಿಸಿದ. ಟಕ್. ಈ ಕಟ್ಟು. ಧಡ್. ನನ್ನ. ಕೆಂಪು ಗೀಟು ಕಣ್ಣಿಗೆ ಅಡ್ಡ ಬಂತು. ಹೊಡೆದದ್ದು ಯಾವುದು, ಬರೆದದ್ದು ಯಾವುದು? ಒಂದು ಕ್ಷಣ ತಡವರಿಸಿದ. ಮಿಷಿನ್ನಿನ. ಟಕ್. ಬಾಯಿಗೆ. ಧಡ್. ಬಂದು. ಅವಳ ಉಗುರು ಸಡಿಲವಾಯಿತು. ಇನ್ನು ಕಾಯಲಾಗಲಿಲ್ಲ. ಟಕ್. ಸರಕ್.

"ಸೇರಿತು."

ಮಿಷಿನ್ನು ನಿಂತಿತು. ಮೂಳೆ ಮುರಿದ ಸಪ್ಪಳ ಮೊದಲು ಬಂತು, ಚೀರಾಟ ಆಮೇಲೆ ಬಂತು. ಕೊಟ್ರಬಸಮ್ಮ ಮನೆಯ ಗಾಳಿಯನ್ನೆಲ್ಲ ಒಮ್ಮೆಲೇ ಒಳಗೆಳೆದುಕೊಂಡು ಎದ್ದು ಕೂತಳು.

"ಹುಲುಗಪ್ಪಣ್ಣಾ!" ಎಂದು ಕೂಗಿದಳು. ಅದೇ ಅವಳ ಮೊದಲ ಮಾತು.

ಕಮ್ಮಾರ ಬಂದು ಹಾರೆ ಹಾಕಿ ಮೀಟಿದ, ಸುತ್ತಿಗೆಯಿಂದ ಬಡಿದ. ಕಬ್ಬಿಣದ ಬಾಯಿ ಕೂದಲೆಳೆಯಷ್ಟೂ ತೆರೆಯಲಿಲ್ಲ. ಕೊನೆಗೆ ಡಾಕ್ಟರರು ಅಲ್ಲಿಯೇ, ಮಿಷಿನ್ನಿನ ಎದುರೇ, ಹುಲುಗಪ್ಪನ ಬಲಗೈಯನ್ನು ಮಣಿಕಟ್ಟಿನಿಂದ ತೆಗೆದರು. ಪ್ರಜ್ಞೆ ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಧಣೇರ, ಕಡೀತನಕ ಓದಿದ್ರಿಲ್ಲೋ?"

ಗಾದಿಲಿಂಗಪ್ಪ ಎದ್ದು ಹೊರಗೆ ಹೋದ.

'ಗ್ರಹಣ' ಮತ್ತೆ ಬರಲಿಲ್ಲ. ಹತ್ತು ದಿನವಾದ ಮೇಲೆ ಒಂದು ಮಧ್ಯಾಹ್ನ ಕೊಟ್ರಬಸಮ್ಮ ಹುಲುಗಪ್ಪನಿಗೆ ಗಂಜಿ ಉಣಿಸಿ ಬಂದು ನಡುಮನೆ ಗುಡಿಸುತ್ತಿದ್ದಳು. ಚಾಪೆಯಡಿ ಆ ಹಾಳೆ ಸಿಕ್ಕಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಅದೇ ತಗ್ಗಿನ ದನಿಯಲ್ಲಿ, ದಿನವೂ ಓದುತ್ತಿದ್ದ ಹಾಗೆ, ಓದತೊಡಗಿದಳು. ಮೂರು ಗಂಟುಗಳನ್ನು ಓದಿದಳು. ಮಿಷಿನ್ನಿನ ಬಾಯಿಯನ್ನು ಓದಿದಳು.

"ಸಾಕು," ಎಂದ ಗಾದಿಲಿಂಗಪ್ಪ.

ಅವಳು ನಿಲ್ಲಿಸಲಿಲ್ಲ. ಕೆಂಪು ಗೀಟಿನ ಕೆಳಗೆ ಹೊಡೆದುಹಾಕಿದ್ದ ಎರಡು ಪದಗಳನ್ನೂ ಬೆರಳಿಟ್ಟು ಓದಿದಳು. "ನನ್ನ ಬಾಯಿಗೆ."

"ಸಾಕು, ಬಸಮ್ಮಾ. ಸಾಕು."

ಹಾಳೆಯನ್ನು ಮಡಿಸಿ ಅವನ ಕೈಯಲ್ಲಿಟ್ಟು ಅವಳು ಹುಲುಗಪ್ಪನ ಮನೆಗೆ ವಾಪಸು ಹೋದಳು. ಅವನಿಗೆ ದಿನವೂ ವರ್ತಮಾನ ಪತ್ರಿಕೆ ಓದಿ ಹೇಳುತ್ತಾಳೆಂದು ಓಣಿಯವರು ಹೇಳುತ್ತಿದ್ದರು. ಗಂಡನಿಗೆ ಅವಳು ಮತ್ತೆಂದೂ ಒಂದಕ್ಷರವನ್ನೂ ಓದಲಿಲ್ಲ.